ಒಂಬತ್ತನೇ ಮಾಳಿಗೆಗೆ ಬೆಲ್ಲ ನೀರು

ಗುರುವಾಯನಕೆರೆಯಿಂದ ಮೂಡಬಿದಿರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವರು ಯಾರೂ ನನ್ನ ಮೊಮ್ಮಗಳ ಸುದ್ದಿ ಕೇಳದೆ ಇಳಿದದ್ದಿಲ್ಲ. ವೇಣೂರು ಬರುವುದರೊಳಗೆ ಅವಳು ಇಂಜಿನಿಯರ್ ಆದ ಕಥೆ ಮುಗಿಯುತ್ತದೆ. ಅಲ್ಲಿಂದ ಮೂಡಬಿದಿರೆಯ ತನಕ ಅವಳು ಹಾಕಿಸಿದ ಸ್ಲ್ಯಾಬಿನ ಕಥೆ. ಆದರೆ ಬಸ್ಸಿನಲ್ಲಿ ಹೇಳಿದ್ದು ಅರ್ಧವೇ ಆಗುತ್ತದೆ, ಇಳಿಯುವ ಗಡಿಬಿಡಿಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದಕ್ಕೆ ಇಲ್ಲಿ ಕುಳಿತು ಪೂರ್ತಿ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದದ್ದು ಸ್ವಲ್ಪವೇ. ಒತ್ತಕ್ಷರ ತಪ್ಪಿದರೆ ತಿದ್ದಲು ಮಗಳು ಇದ್ದಾಳೆ, ಬೀಡಿ ಕಟ್ಟುತ್ತಾ ಇಲ್ಲೇ ಕುಳಿತಿದ್ದಾಳೆ. ನಾವು ಮಾತನಾಡುವುದೆಲ್ಲ ತುಳು. ಬರೆಯುವುದು ಮಾತ್ರ ಕನ್ನಡ. ಹಾಗಾಗಿ ಮಾತುಗಳು ಸ್ವಲ್ಪ ಆಚೆ ಈಚೆ ಆಗಬಹುದು, ಆದರೆ ನಡೆದದ್ದು ಹೀಗೆಯೇ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ನನಗೆ ಯಾಕೆ ಇಷ್ಟು ಸಂತೋಷ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನಾನು ಕಾಂಕ್ರೀಟ್ ಹೊತ್ತವಳು. ಬೆಳ್ತಂಗಡಿ, ಬಂಟ್ವಾಳ, ಮೂಡಬಿದಿರೆ ಈ ಮೂರು ಪೇಟೆಗಳಲ್ಲಿ ಹಳೆಯ ಮಾಳಿಗೆಗಳು ಎಷ್ಟಿವೆಯೋ, ಅವುಗಳಲ್ಲಿ ಹಲವಕ್ಕೆ ನನ್ನ ತಲೆಯ ಮೇಲಿಂದ ಕಾಂಕ್ರೀಟ್ ಹೋಗಿದೆ. ಆಗ ಸಿಮೆಂಟ್, ಹೊಯ್ಗೆ, ಜಲ್ಲಿಯನ್ನು ನೆಲದಲ್ಲೇ ಕಲಸಿ ಕಬ್ಬಿಣದ ಚಟ್ಟಿಗೆ ತುಂಬಿಸುತ್ತಿದ್ದರು. ಅಡಿಕೆ ಮರ ಸೀಳಿ ಕಟ್ಟಿದ ಓರೆ ಮೆಟ್ಟಿಲಿನ ಮೇಲೆ ಗಂಡಸರು ಹೆಂಗಸರು ಸಾಲಾಗಿ ನಿಲ್ಲುವುದು. ಕೆಳಗಿನವರು ಕೊಟ್ಟ ಚಟ್ಟಿಯನ್ನು ಹಿಡಿದು ಮೇಲಿನವರಿಗೆ ಕೊಡುವುದು. ಸಾಲಿಗೆ ಜನ ಸಾಲದಿದ್ದರೆ ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತುಕೊಂಡೇ ಹತ್ತುವುದು. ತುಂಬಿದ್ದು ಮೇಲೆ ಹೋಗುತ್ತಿತ್ತು, ಖಾಲಿ ಚಟ್ಟಿ ಕೆಳಗೆ ಬಂದು ಬೀಳುತ್ತಿತ್ತು. ಸಿಮೆಂಟಿನ ನೀರು ಕೂದಲಿನಿಂದ ಇಳಿದು ಕಿವಿಯ ಹಿಂದೆ ಸುಡುತ್ತಿತ್ತು. ಅದನ್ನು ಒರೆಸಲಿಕ್ಕೂ ಕೈ ಖಾಲಿ ಇರುತ್ತಿರಲಿಲ್ಲ.

ಆಗಿನ ನಮ್ಮ ಮೇಸ್ತ್ರಿಯ ಮಾತು ಒಂದೇ: "ಸಾಲು ಕಡಿಯಬಾರದು." ಸ್ಲ್ಯಾಬ್ ಎಂದರೆ ಒಂದೇ ಉಸಿರಿಗೆ ಮುಗಿಯಬೇಕು. ನಡುವೆ ನಿಲ್ಲಿಸಿದರೆ, ಹಾಕಿದ್ದರ ಅಂಚು ಗಟ್ಟಿಯಾಗುತ್ತದೆ. ಆಮೇಲೆ ಹಾಕಿದ್ದು ಅದಕ್ಕೆ ಕೂಡುವುದಿಲ್ಲ, ಬರೀ ತಾಗಿ ನಿಲ್ಲುತ್ತದೆ. ಆ ಗೆರೆಯಲ್ಲಿ ಆ ಮನೆ ಇರುವಷ್ಟು ಕಾಲ ಮಳೆನೀರು ಇಳಿಯುತ್ತದೆ. ಅದಕ್ಕೆ ನಾವು ಊಟವನ್ನೂ ಪಾಳಿಯಲ್ಲಿ ಮಾಡುತ್ತಿದ್ದೆವು, ಒಬ್ಬರು ತಿನ್ನುವಾಗ ಅವರ ಜಾಗಕ್ಕೆ ಇನ್ನೊಬ್ಬರು.

ಇನ್ನೊಂದು ಕ್ರಮ ಇತ್ತು. ಸ್ಲ್ಯಾಬ್ ಶುರುವಾಗುವ ಮುಂಚೆ ಮನೆಯ ಹಿರಿ ಹೆಂಗಸು ಕೆಲಸದವರಿಗೆಲ್ಲ ಬೆಲ್ಲ ನೀರು ಕೊಡುವುದು, ಮನೆಗೆ ನೆಂಟರು ಬಂದರೆ ಕೊಡುವ ಹಾಗೆಯೇ, ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಆಮೇಲೆ ಮೊದಲನೇ ಚಟ್ಟಿಗೆ ಮೇಸ್ತ್ರಿ ಉಗುರಿನಷ್ಟು ಬೆಲ್ಲ ಹಾಕಿ ಕೈಮುಗಿಯುವುದು. ಸುಣ್ಣದ ಗಾರೆಗೆ ಬೆಲ್ಲ ಸೇರಿಸುತ್ತಿದ್ದ ಕಾಲದಿಂದ ಬಂದದ್ದು ಎಂದು ಅವರು ಹೇಳುತ್ತಿದ್ದರು. ಈ ಕ್ರಮ ನನ್ನ ತಲೆಯೊಳಗೆ ಗಟ್ಟಿಯಾಗಿ ಕುಳಿತಿತ್ತು.

ಈಗ ಮೊಮ್ಮಗಳು, ಬೀಡಿ ಕಟ್ಟುವ ಈ ಮಗಳ ಮಗಳು. ಅವಳು ಸಣ್ಣವಳಿರುವಾಗ ನನ್ನ ತಲೆ ಬಾಚುತ್ತಾ, "ಅಜ್ಜಿ, ಇಲ್ಲಿ ನಡುವಲ್ಲಿ ಎಂತಕ್ಕೆ ಕೂದಲೇ ಇಲ್ಲ?" ಎಂದು ಕೇಳಿದ್ದಳು. "ಅಲ್ಲಿ ಮಾಳಿಗೆ ಕೂತಿತ್ತು ಮಗಾ," ಎಂದಿದ್ದೆ. ಅದಕ್ಕೇ ಅವಳು ಈ ಕೆಲಸಕ್ಕೆ ಹೋದಳು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಅವಳು ನಗುತ್ತಾಳೆ. ಲೆಕ್ಕದಲ್ಲಿ ಹುಷಾರಿದ್ದಳು, ಡಿಪ್ಲೊಮಾ ಮಾಡಿದಳು, ಕೆಲಸ ಸಿಕ್ಕಿತು. ಮಿಜಾರಿನ ಕಡೆ ಮಕ್ಕಳ ಹಾಸ್ಟೆಲಿಗೆಂದು ಎದ್ದ ಒಂಬತ್ತು ಮಾಳಿಗೆಯ ಕಟ್ಟಡದಲ್ಲಿ ಅವಳು ಸೈಟ್ ಇಂಜಿನಿಯರ್. ವಾರವಿಡೀ ಮೂಡಬಿದಿರೆಯಲ್ಲಿ ರೂಮು ಮಾಡಿಕೊಂಡು ಇರುತ್ತಾಳೆ.

ಒಂದು ದಿನ ಫೋನ್ ಮಾಡಿದಳು.

"ಅಜ್ಜಿ, ಆದಿತ್ಯವಾರ ಮೇಲಿನ ಸ್ಲ್ಯಾಬ್ ಉಂಟು. ನಮ್ಮ ಸರ್ ಅವತ್ತು ಬಂಟ್ವಾಳದ ಸೈಟಲ್ಲಿ ಇರ್ತಾರೆ. ಇಲ್ಲಿ ನಾನೊಬ್ಳೇ ನೋಡ್ಬೇಕು, ಫಸ್ಟ್ ಟೈಮ್. ನೀನು ಬರ್ತೀಯಾ?"

"ನಾನು ಬಂದು ಎಂತ ಮಾಡುದು ಮಾರಾಯ್ತಿ, ಚಟ್ಟಿ ಹೊರ್ಲಿಕ್ಕಾ?"

"ಸುಮ್ಮನೆ ಕೂತ್ಕೊಳ್ಳಿಕ್ಕೆ. ನೀನು ಒಂದು ಕಡೆ ಕೂತಿದ್ರೆ ನನಗೆ ಧೈರ್ಯ ಆಗ್ತದೆ."

ಇಂಥ ಮಾತು ಕೇಳಲಿಕ್ಕೆ ಎಷ್ಟು ಪುಣ್ಯ ಮಾಡಿರಬೇಕು ಹೇಳಿ! ಫೋನನ್ನು ಮಗಳ ಕೈಗೆ ಕೊಟ್ಟೆ. ಮಗಳು, "ಅಜ್ಜಿ ಬರ್ತಾರೆ. ಈಗಲೇ ಸೀರೆ ಹುಡುಕ್ಲಿಕ್ಕೆ ಹೋದ್ರು," ಎಂದಳು.

ಆದಿತ್ಯವಾರ ಮೊದಲ ಬಸ್ಸಿಗೇ ಹೊರಟೆ. ಕೈಯಲ್ಲಿ ಬೆಲ್ಲದ ಡಬ್ಬಿ. ಕೆಲಸದವರು ಎಷ್ಟು ಮಂದಿ ಇದ್ದರೂ ಸಾಲದೆ ಬರಬಾರದು ಎಂದು ದೊಡ್ಡ ಡಬ್ಬಿಯನ್ನೇ ತುಂಬಿಸಿದ್ದೆ. ಕಂಡಕ್ಟರ್ ಅದನ್ನು ಎತ್ತಿ ಒಳಗೆ ಇಡುವಾಗ, "ಎಂತ ಅಮ್ಮ, ಮದುವೆಗಾ?" ಎಂದ. "ಸ್ಲ್ಯಾಬಿಗೆ," ಎಂದೆ. ಅವನಿಗೆ ಏನು ಅರ್ಥವಾಯಿತೋ, "ಒಳ್ಳೇದಾಗ್ಲಿ," ಎಂದ.

ಸೈಟಿನಲ್ಲಿ ಮೊಮ್ಮಗಳನ್ನು ನೋಡಿದರೆ ಗುರುತೇ ಸಿಗಲಿಲ್ಲ. ತಲೆಗೆ ಬಿಳಿ ಹೆಲ್ಮೆಟ್, ಕಾಲಿಗೆ ಗಮ್‌ಬೂಟು. ನನಗೂ ಒಂದು ಹೆಲ್ಮೆಟ್ ತಂದು ಗಲ್ಲಕ್ಕೆ ಪಟ್ಟಿ ಬಿಗಿದಳು. ಸಿಂಬೆ ಇಡುತ್ತಿದ್ದ ಜಾಗದಲ್ಲೇ ಅದು ಕುಳಿತಿತು. ಮೇಸ್ತ್ರಿ ಕಕ್ಕಿಂಜೆ ಕಡೆಯವರು, ನನಗಿಂತ ಸ್ವಲ್ಪವೇ ಕಿರಿಯರು. ಹಿಂದಿ ಮಾತನಾಡುವ ಕೆಲಸದವರ ನಡುವೆ ತುಳು ಮಾತನಾಡಲು ಒಬ್ಬರು ಸಿಕ್ಕಿದರು ಎಂದು ಅವರಿಗೆ ಖುಷಿ.

"ಅಕ್ಕಾ, ಇಂಜಿನಿಯರಮ್ಮನಿಗಿಂತ ಹೆಲ್ಮೆಟ್ ನಿಮಗೇ ಚೆಂದ ಕಾಣ್ತದೆ. ಇವತ್ತು ಸುಪರ್‌ವೈಸರ್ ನೀವೇ ಆಗಿ," ಎಂದರು.

"ನಾನು ಸುಪರ್‌ವೈಸರ್ ಆದ್ರೆ ನಿಮಗೆ ಬೀಡಿ ಎಳೀಲಿಕ್ಕೆ ಬಿಡ್ಲಿಕ್ಕಿಲ್ಲ," ಎಂದೆ. ಕಿವಿಯ ಸಂದಿನಲ್ಲಿದ್ದ ಬೀಡಿಯನ್ನು ಅವರು ಕಿಸೆಗೆ ಹಾಕಿಕೊಂಡರು.

ಪಂಪ್ ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅಲ್ಲಿಯೇ. ಅಂಗಳದಲ್ಲಿ ಒಂದು ಸಣ್ಣ ಲಾರಿಯಷ್ಟು ದೊಡ್ಡ ಯಂತ್ರ, ಅದರ ಹಿಂದೆ ದೊಡ್ಡ ಬಾಯಿ. ರೆಡಿಮಿಕ್ಸ್ ಲಾರಿ ಹಿಮ್ಮುಖವಾಗಿ ಬಂದು ಆ ಬಾಯಿಗೆ ಕಾಂಕ್ರೀಟ್ ಸುರಿಯುತ್ತದೆ. ಪಂಪಿನಿಂದ ಹೊರಟ ಕಬ್ಬಿಣದ ಪೈಪು ನೆಲದಲ್ಲಿ ಸ್ವಲ್ಪ ದೂರ ಓಡಿ, ತಿರುಗಿ, ಗೋಡೆಗೆ ಕಟ್ಟಿಸಿಕೊಂಡು ನೆಟ್ಟಗೆ ಒಂಬತ್ತು ಮಾಳಿಗೆ ಹತ್ತಿ, ತುದಿಯಲ್ಲಿ ಮತ್ತೊಮ್ಮೆ ತಿರುಗಿ ಮೇಲಿನ ಸ್ಲ್ಯಾಬಿಗೆ ಹೋಗಿತ್ತು. ಪಂಪ್ ನಡೆಸುವವನು ಬಾಗಲಕೋಟೆ ಕಡೆಯವನು. ನಾನು ಪೈಪಿನ ಹತ್ತಿರ ಹೋದದ್ದೇ ತಡ, "ಯವ್ವಾ, ಅಲ್ಲಿ ನಿಂದರಬ್ಯಾಡ್ರಿ! ಶುರು ಆತಂದ್ರ ಪೈಪ್ ಕತ್ತೆಗತೆ ಒದಿತೈತಿ," ಎಂದು ಕೂಗಿದ.

ಶುರು ಮಾಡುವ ಮುಂಚೆ ತೆಂಗಿನಕಾಯಿ ಒಡೆದರು. ಮೊದಲು ಹೋಗುವುದು ಕಾಂಕ್ರೀಟ್ ಅಲ್ಲವಂತೆ. ಬರೀ ಸಿಮೆಂಟ್ ಕಲಸಿದ ತೆಳು ನೀರು, ದೋಸೆ ಹಿಟ್ಟಿನ ಹಾಗೆ. ಕಾವಲಿಗೆ ಎಣ್ಣೆ ಸವರುವ ಹಾಗೆ ಅದು ಪೈಪಿನ ಒಳಗೆ ಸವರಿಕೊಂಡು ಹೋದರೆ ಹಿಂದಿನಿಂದ ಕಾಂಕ್ರೀಟ್ ಸಲೀಸಾಗಿ ಜಾರುತ್ತದೆ. ಆ ನೀರನ್ನು ಪಂಪಿನ ಬಾಯಿಗೆ ಸುರಿದರು. ಇದೇ ಮೊದಲನೇ ಚಟ್ಟಿ ಎಂದು ನನ್ನ ಮನಸ್ಸಿಗೆ ಅನಿಸಿತು. ಡಬ್ಬಿ ತೆರೆದೆ. ಇಷ್ಟು ದೊಡ್ಡ ಕಟ್ಟಡಕ್ಕೆ ಉಗುರಿನಷ್ಟು ಬೆಲ್ಲ ಸಾಕೇ ಎಂದು ಎರಡು ಕೈಯಲ್ಲೂ ದೊಡ್ಡ ಉಂಡೆ ತೆಗೆದುಕೊಂಡು ಪಂಪಿನ ಬಾಯಿಯ ಹತ್ತಿರ ಹೋಗಿ ಕೈ ಎತ್ತಿದೆ.

"ಅಜ್ಜೀ! ಬೇಡ! ಅಜ್ಜೀ!"

ಮೊಮ್ಮಗಳು ಜಲ್ಲಿ ರಾಶಿಯನ್ನು ದಾಟಿ ಓಡಿಬಂದು ನನ್ನ ಎರಡೂ ಕೈ ಹಿಡಿದಳು. ಎಲ್ಲರೂ ನೋಡುತ್ತಿದ್ದರು. ನನಗೆ ಮುಖ ಸಣ್ಣದಾಯಿತು.

"ದೇವರ ಹೆಸರಲ್ಲಿ ಹಾಕುದು ಮಗಾ."

"ಗೊತ್ತುಂಟು ಅಜ್ಜಿ. ಆದ್ರೆ ಸಿಹಿ ಬಿದ್ರೆ ಸಿಮೆಂಟು ಗಟ್ಟಿ ಆಗುದಿಲ್ಲ. ಒಂದು ಉಗುರು ಹಾಕಿದ್ರೆ ಅದು ಬೇರೆ, ನೀನು ಹಿಡ್ಕೊಂಡದ್ದು ಅರ್ಧ ಲಾರಿಯನ್ನು ಹಾಳು ಮಾಡ್ತದೆ."

"ಹಾಗಾದ್ರೆ ನಮ್ಮ ಮೇಸ್ತ್ರಿ ಹಾಕ್ತಿದ್ದದ್ದು?"

"ಅವರದ್ದು ಕೈ ಸಣ್ಣದು, ನಿನ್ನದು ದೊಡ್ಡದು," ಎಂದು ನಕ್ಕಳು. ಅವಳ ಕೈ ಮಾತ್ರ ತಣ್ಣಗಿತ್ತು. ಹೆದರಿದ್ದು ನನ್ನ ಬೆಲ್ಲಕ್ಕೆ ಅಲ್ಲ, ಆ ದಿನದ ಜವಾಬ್ದಾರಿಗೆ ಎಂದು ಗೊತ್ತಾಯಿತು. ನಾನು ಉಂಡೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಸಂಜೆಯ ಚಹಾದ ಹೊತ್ತಿಗೆ ಎಲ್ಲರಿಗೂ ಹಂಚುವ ಎಂದು ಮಾತಾಯಿತು. ಡಬ್ಬಿ ಸಾಮಾನಿನ ಲಿಫ್ಟಿನಲ್ಲಿ ಮೇಲೆ ಹೋಯಿತು, ಕೆಲಸದವರೆಲ್ಲ ಇದ್ದದ್ದು ಅಲ್ಲಿಯೇ ಅಲ್ಲವೇ.

ಪಂಪ್ ಶುರುವಾಯಿತು. ಒಳಗೆ ಸಿಲಿಂಡರ್ ಎನ್ನುವ ಎರಡು ಉರುಳೆಗಳು ಉಂಟಂತೆ, ಒಂದು ಎಳೆದುಕೊಳ್ಳುವಾಗ ಇನ್ನೊಂದು ದೂಡುತ್ತದೆ. ಒಂದೊಂದು ದೂಡಿಗೂ ಪೈಪು ಗೋಡೆಯ ಮೇಲೆ ನಡುಗಿ ನಿಲ್ಲುತ್ತಿತ್ತು. ಕೆಳಗಿನಿಂದ ಮೇಲಿನ ತನಕ ಒಬ್ಬರ ಕೈಯಿಂದ ಒಬ್ಬರ ಕೈಗೆ ಚಟ್ಟಿ ಹೋದ ಹಾಗೆ ಆ ನಡುಗು ಹತ್ತುತ್ತಿತ್ತು. ನಾನು ಹೆಲ್ಮೆಟ್ ಹಿಂದೆ ಸರಿಸಿ ನೋಡುತ್ತಾ ನಿಂತೆ. ಯಾರ ತಲೆಯ ಮೇಲೂ ಚಟ್ಟಿ ಇರಲಿಲ್ಲ. ಯಾರ ಕಿವಿಯ ಹಿಂದೆಯೂ ಸಿಮೆಂಟು ಇಳಿಯುತ್ತಿರಲಿಲ್ಲ. ಹಿಂದಿನದೇ ಚೆಂದ ಎನ್ನುವವರು ನನಗೂ ಸಿಕ್ಕಿದ್ದಾರೆ. ಅವರು ಒಂದು ಸ್ಲ್ಯಾಬಿಗೆ ಚಟ್ಟಿ ಹೊತ್ತು ಬರಲಿ, ಆಮೇಲೆ ಮಾತನಾಡುವ. ನಾನಂತೂ ಆ ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಪಂಪಿನವನಿಗೆ ಅದು ಕಂಡಿತು ಎಂದು ಕಾಣುತ್ತದೆ, "ಅದಕ್ಕ ಕೈ ಮುಗದ್ರ ಆಗಂಗಿಲ್ಲ ಯವ್ವಾ, ಡೀಸೆಲ್ ಹಾಕಬೇಕು," ಎಂದ.

ಮೇಲೆ ಹತ್ತಲೇಬೇಕು ಎಂದು ನನಗೆ ಆಸೆ. ಮೊಮ್ಮಗಳು ಬೇಡ ಎಂದಳು, ಮೇಸ್ತ್ರಿ "ನಾನು ಕರ್ಕೊಂಡು ಬರ್ತೇನೆ, ನೀವು ಮುಂದೆ ಹೋಗಿ," ಎಂದರು. ಮಾಳಿಗೆಗೊಂದು ಸಲ ಕುಳಿತು ಕುಳಿತು ಹತ್ತಿದೆ. ಆಗ ಭಾರ ಹೊತ್ತು ಹತ್ತುತ್ತಿದ್ದ ಕಾಲುಗಳು ಈಗ ಬರಿಗೈಯಲ್ಲಿ ಹತ್ತಲಿಕ್ಕೆ ನಾಚಿಕೆ ಪಟ್ಟವು. ಮೇಲೆ ಮುಟ್ಟುವಾಗ ಗಾಳಿ. ಹಸಿರಿನ ನಡುವೆ ರಸ್ತೆ ಸಣ್ಣ ದಾರದ ಹಾಗೆ ಕಾಣುತ್ತಿತ್ತು. ಮೆಟ್ಟಿಲು ಮುಗಿಯುವಲ್ಲಿ ನನಗೊಂದು ಸಿಮೆಂಟ್ ಚೀಲ ಮಡಚಿ ಹಾಕಿ ಕೂರಿಸಿದರು.

ಪೈಪಿನ ತುದಿಗೆ ದಪ್ಪ ರಬ್ಬರಿನ ಕೊಳವೆ. ಅದನ್ನು ಇಬ್ಬರು ಅಪ್ಪಿ ಹಿಡಿದುಕೊಂಡು ಆಚೆ ಈಚೆ ಒಯ್ಯುವುದು. ದೂಡು ಬಂದ ಹಾಗೆ ಕಾಂಕ್ರೀಟ್ ಬುಳುಕ್ ಬುಳುಕ್ ಎಂದು ಸರಳುಗಳ ಮೇಲೆ ಬೀಳುತ್ತಿತ್ತು. ಒಬ್ಬ ನಡುಗುವ ವೈಬ್ರೇಟರ್ ಕೋಲನ್ನು ಅದರೊಳಗೆ ಇಳಿಸಿ ಎತ್ತುತ್ತಿದ್ದ, ಗಾಳಿ ಗುಳ್ಳೆ ಒಡೆದು ಕಾಂಕ್ರೀಟ್ ಕೂತುಕೊಳ್ಳಲಿಕ್ಕೆ. ಹಿಂದಿನಿಂದ ಹಲಗೆ ಎಳೆದು ಸಮ ಮಾಡುವವರು. ಒಂದು ಮೂಲೆಯಿಂದ ಶುರುವಾದದ್ದು ನೋಡುನೋಡುತ್ತಾ ಅರ್ಧಕ್ಕೆ ಬಂತು. ಮೊಮ್ಮಗಳು ಹಲಗೆಯ ಮೇಲೆ ನಡೆದುಕೊಂಡು ಅಲ್ಲಿ ಬಗ್ಗಿ, ಇಲ್ಲಿ ಕೈ ತೋರಿಸಿ, ಹಿಂದಿಯಲ್ಲಿ ಒಬ್ಬನಿಗೆ, ತುಳುವಿನಲ್ಲಿ ಒಬ್ಬನಿಗೆ, ಕನ್ನಡದಲ್ಲಿ ಫೋನಿಗೆ ಮಾತನಾಡುತ್ತಿದ್ದಳು.

ಆಗ ಕೊಳವೆ ನಿಂತಿತು.

ಆಗಿದ್ದಿಷ್ಟು. ಕಾಂಕ್ರೀಟ್ ತರುವ ಲಾರಿಗಳು ಬಂಟ್ವಾಳದ ಕಡೆಯಿಂದ ಬರುವುದು. ಸಿದ್ಧಕಟ್ಟೆಯ ಹತ್ತಿರ ದಾರಿಗೆ ಏನೋ ಅಡ್ಡ ಬಂದು ಒಂದು ಲಾರಿ ತಡವಾಯಿತು. ಅಷ್ಟು ಹೊತ್ತು ಪೈಪಿನೊಳಗಿದ್ದ ಕಾಂಕ್ರೀಟ್ ಬಿಸಿಲಿಗೆ ಕಾದು ಮೇಲಿನ ತಿರುವಿನಲ್ಲಿ ಕಟ್ಟಿಕೊಂಡಿತು. ಲಾರಿ ಬಂದು ಪಂಪ್ ದೂಡಿದರೆ ಪೈಪು ನಡುಗುತ್ತದೆಯೇ ಹೊರತು ಕೊಳವೆಯಿಂದ ಒಂದು ಜಲ್ಲಿಯೂ ಬೀಳುವುದಿಲ್ಲ.

ಅರ್ಧ ಬೂದು ಬಣ್ಣದ ಕಾಂಕ್ರೀಟು, ಇನ್ನರ್ಧ ಬರೀ ಸರಳು, ನಡುವೆ ಈ ಕಂಬದಿಂದ ಆ ಕಂಬದ ತನಕ ಹಸಿ ಅಂಚು. ಅದರ ಮೇಲೆ ಬಿಸಿಲು ನೆಟ್ಟಗೆ ಬೀಳುತ್ತಿತ್ತು. ಸಾಲು ಕಡಿಯಿತು ಎಂದುಕೊಂಡೆ.

ಪಂಪಿನವನು ಯಂತ್ರವನ್ನು ಹಿಮ್ಮುಖ ಎಳೆಸಿ ನೋಡಿದ, ಆಗಲಿಲ್ಲ. ಮೇಸ್ತ್ರಿ ಸುತ್ತಿಗೆ ಹಿಡಿದು ಪೈಪಿಗೆ ಬಡಿಯುತ್ತಾ ಬಂದರು. ತಿರುವಿನಲ್ಲಿ ಸದ್ದು ಒಳಗೆ ಕೆಟ್ಟ ತೆಂಗಿನಕಾಯಿಯ ಹಾಗೆ ಮೊದ್ದಾಯಿತು. "ಇಲ್ಲೇ ಉಂಟು ಹೆಣ, ಇಲ್ಲೇ ಕಟ್ಟಿದ್ದು," ಎಂದರು. ಪಂಪಿನವನು ಕೆಳಗಿನಿಂದ ಏದುಸಿರು ಬಿಡುತ್ತಾ ಹತ್ತಿಬಂದ.

"ಬೆಂಡ್ ಬಿಚ್ಚಬೇಕು ಮೇಡಂ. ಬಿಚ್ಚಿ, ಕುಟ್ಟಿ, ತೊಳದು, ಮತ್ತ ಕೂಡಸಬೇಕು. ಟೈಮ್ ಹಿಡಿತೈತಿ."

"ಎಷ್ಟು ಟೈಮ್?"

"ಅದು ಒಳಗ ಎಷ್ಟು ಗಟ್ಟಿ ಕುಂತೈತಿ ಅನ್ನೂದರ ಮ್ಯಾಲ ಐತ್ರಿ."

ಮೊಮ್ಮಗಳು ಅಂಚಿಗೆ ಬೆರಳು ಒತ್ತಿ ನೋಡಿದಳು. ಆಮೇಲೆ ಬಂಟ್ವಾಳದಲ್ಲಿದ್ದ ದೊಡ್ಡ ಇಂಜಿನಿಯರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಅವರು ಎಲ್ಲ ಕೇಳಿ, "ಮೊದ್ಲು ಒದ್ದೆ ಗೋಣಿ ಹೊದಿಸು. ಸಕ್ಕರೆ ಉಂಟಾ ಅಲ್ಲಿ? ನೀರಲ್ಲಿ ಕರಗಿಸಿ ಅಂಚಿಗೆ ಮಾತ್ರ ತೆಳ್ಳಗೆ ಚಿಮುಕಿಸು. ಅದು ಗಟ್ಟಿ ಆಗುದನ್ನು ಸ್ವಲ್ಪ ತಡೀತದೆ," ಎಂದರು.

"ಎಷ್ಟು ಹಾಕುದು ಸರ್?"

"ಅದು ನಿನ್ನ ಕಣ್ಣಲ್ಲಿ ನೋಡಿಯೇ ಹಾಕ್ಬೇಕು ಮಾರಾಯ್ತಿ. ಕಡಿಮೆ ಆದ್ರೆ ಅಂಚು ಗಟ್ಟಿ ಆಯ್ತು. ಜಾಸ್ತಿ ಆದ್ರೆ ಅಷ್ಟು ಜಾಗ ಗಟ್ಟಿಯೇ ಆಗ್ಲಿಕ್ಕಿಲ್ಲ, ಒಡೆದು ತೆಗೀಬೇಕು. ನಾನು ಇಲ್ಲಿಂದ ಎಂತ ಹೇಳುದು?"

ಫೋನ್ ಇಟ್ಟಳು. ಸಕ್ಕರೆ ಎಲ್ಲಿಂದ? ಚಹಾ ಬರುವುದು ಹೊರಗಿನ ಹೋಟೆಲಿನಿಂದ, ಸಕ್ಕರೆ ಹಾಕಿಯೇ ಬರುತ್ತದೆ. ಪೇಟೆಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಮೊಮ್ಮಗಳು ನನ್ನ ಕಡೆ ತಿರುಗಿದಳು. ನಾನೂ ಅವಳನ್ನು ನೋಡಿದೆ. ಇಬ್ಬರೂ ಒಟ್ಟಿಗೇ ಮೂಲೆಯಲ್ಲಿದ್ದ ಡಬ್ಬಿಯನ್ನು ನೋಡಿದೆವು.

ಬೆಳಗ್ಗೆ ಎರಡೂ ಕೈ ಹಿಡಿದು ಬೇಡ ಎಂದವಳು ಈಗ ತಾನೇ ಡಬ್ಬಿ ತೆರೆದಳು! ಬೆಲ್ಲವನ್ನು ಗೋಣಿಯಲ್ಲಿ ಸುತ್ತಿ ಮೇಸ್ತ್ರಿಯ ಸುತ್ತಿಗೆಯಲ್ಲೇ ಪುಡಿ ಮಾಡಿ ಬಕೆಟಿನ ನೀರಿಗೆ ಹಾಕಿದೆವು. ನಾನು ಮೊಣಕೈ ತನಕ ಕೈ ಹಾಕಿ ಕರಗಿಸಿದೆ. ಪಾನಕ ಮಾಡಿದ ಹಾಗೆ ಪರಿಮಳ ಬಂತು. ಕುಡಿಯುವ ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ ಬೆಲ್ಲ ನೀರು ತುಂಬಿಸಿದಳು. ಬಾಟಲಿಯನ್ನು ನನಗೆ ಕೊಟ್ಟಳು.

"ನೀನು ಹಾಕು ಅಜ್ಜಿ. ನನಗೆ ಅಂಚನ್ನು ಮುಟ್ಟಿ ನೋಡ್ಲಿಕ್ಕುಂಟು. ನಾನು ನೋಡ್ಕೊಂಡು ಹೇಳ್ತೇನೆ. ಸಾಕು ಅಂದ ಕೂಡ್ಲೆ ನಿಲ್ಲಿಸ್ಬೇಕು, ಆಯ್ತಾ? ದೊಡ್ಡ ಕೈ ಮಾಡ್ಬಾರ್ದು."

"ಆಯ್ತು ಇಂಜಿನಿಯರಮ್ಮ," ಎಂದೆ.

ಹಲಗೆಯ ಮೇಲೆ ನಾನು, ಬೀಳದ ಹಾಗೆ ಸೆರಗಿನ ತುದಿಯನ್ನೇ ಹಗ್ಗದ ಹಾಗೆ ಹಿಡಿದುಕೊಂಡು ಮೇಸ್ತ್ರಿ, ಪಕ್ಕದಲ್ಲಿ ಮೊಣಕಾಲೂರಿ ಮೊಮ್ಮಗಳು. ಅವಳು ಅಂಚಿನ ಬಣ್ಣ ನೋಡುತ್ತಿದ್ದಳು, ಬೆರಳಿನಿಂದ ಮುಟ್ಟುತ್ತಿದ್ದಳು. "ಹಾಕು... ಸಾಕು. ಮುಂದೆ ಹೋಗುವ. ಹಾಕು... ಸಾಕು." ಹಾಗೆ ಕಂಬದಿಂದ ಕಂಬದ ತನಕ ಹೋದೆವು. ಹಿಂದಿನಿಂದ ಒದ್ದೆ ಗೋಣಿ ಹೊದಿಸುತ್ತಾ ಬಂದರು. ದೂರದಿಂದ ಬಂದವರನ್ನು ಬಾಗಿಲಲ್ಲಿ ಕಾಯಿಸುವಾಗ ಬೇಸರ ಆಗದಿರಲಿ ಎಂದು ಬೆಲ್ಲ ನೀರು ಕೊಡುತ್ತೇವಲ್ಲ, ನಾನು ಆ ಅಂಚಿಗೂ ಹಾಗೆಯೇ ಕೊಟ್ಟೆ. ಸ್ವಲ್ಪ ಕೂತ್ಕೊಳ್ಳಿ, ಈಗ ಬರ್ತಾರೆ, ನಿಮ್ಮವರು ದಾರಿಯಲ್ಲಿದ್ದಾರೆ ಎಂದು ಮನಸ್ಸಿನಲ್ಲೇ ಹೇಳಿದೆ. ಗಟ್ಟಿಯಾಗಿ ಹೇಳಿದ್ದರೆ ಮೇಸ್ತ್ರಿ ನಗುತ್ತಿದ್ದರು.

ಆ ಕಡೆ ತಿರುವಿನ ಪೈಪು ಬಿಚ್ಚಿ, ಸರಳಿನಿಂದ ಕುಟ್ಟಿ ಕುಟ್ಟಿ, ಕಲ್ಲಾಗಲು ಹೊರಟಿದ್ದ ಜಲ್ಲಿಯನ್ನು ಹೊರಗೆ ಹಾಕಿದರು. ಪಂಪಿನವನ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತ್ತು. ಪೈಪು ಕೂಡಿಸಿ, ಬಿಗಿದು, ಅವನು ಕೆಳಗಿನವರಿಗೆ ಕೈ ಮಾಡಿದ. ಒಂದು ದೂಡು ಬಂತು, ಏನೂ ಇಲ್ಲ. ಎರಡನೆಯದು ಬಂತು, ಕೊಳವೆ ಕೆಮ್ಮಿತು. ಮೂರನೆಯದಕ್ಕೆ ಬುಳುಕ್ ಎಂದು ಕಾಂಕ್ರೀಟ್ ಬಿತ್ತು. ಹಿಂದಿಯವರು, ನಮ್ಮವರು, ಎಲ್ಲ ಭಾಷೆಯ ಬೊಬ್ಬೆ ಒಂದೇ ಆಯಿತು!

ಗೋಣಿ ತೆಗೆದರು. ಮೊಮ್ಮಗಳು ಅಂಚನ್ನು ಒತ್ತಿದಳು, ಬೆರಳು ಒಳಗೆ ಹೋಯಿತು. ವೈಬ್ರೇಟರಿನವನನ್ನು ಅಲ್ಲಿಯೇ ನಿಲ್ಲಿಸಿ, ಹೊಸತು ಹಳತು ಎರಡೂ ಒಂದಾಗುವ ಹಾಗೆ ಕೋಲನ್ನು ಆಚೆ ಈಚೆ ಇಳಿಸಿದಳು. ಸಂಜೆಯ ಹೊತ್ತಿಗೆ ಸ್ಲ್ಯಾಬ್ ತುಂಬಿತು. ಬೆಲ್ಲ ನೀರು ಮಾತ್ರ ಯಾರಿಗೂ ಸಿಗಲಿಲ್ಲ. ಖಾಲಿ ಡಬ್ಬಿ ತಿರುಗಿಸಿ ನೋಡಿ ಪಂಪಿನವನು, "ಯವ್ವಾ, ನಮಗಂತ ತಂದ ಬೆಲ್ಲ ಎಲ್ಲಾ ಕಾಂಕ್ರೀಟ ತಿಂದು ಕುಂತೈತಿ," ಎಂದ.

"ನಿನಗೆ ಇನ್ನೊಮ್ಮೆ ತರ್ತೇನೆ ಮಗಾ," ಎಂದೆ.

ಇಲ್ಲಿಗೆ ಮುಗಿಯಿತು ಎಂದು ನಾನು ಖುಷಿಯಲ್ಲಿ ಮನೆಗೆ ಬಂದೆ. ಮರುದಿನ ಬೆಳಗ್ಗೆ ಫೋನ್.

"ಅಜ್ಜಿ, ಇಡೀ ಸ್ಲ್ಯಾಬ್ ಗಟ್ಟಿ ಆಗಿದೆ. ನಾವು ಬೆಲ್ಲ ನೀರು ಹಾಕಿದ ಪಟ್ಟಿ ಮಾತ್ರ ಇನ್ನೂ ಮೆತ್ತಗೆ ಉಂಟು. ಉಗುರು ಇಳೀತದೆ."

ಅವಳ ಧ್ವನಿಯಲ್ಲಿ ಅಳು ಇತ್ತು. ಅದು ಗಟ್ಟಿಯಾಗದೆ ಉಳಿದರೆ ಒಡೆದು ತೆಗೆಯಬೇಕು, ಮೊದಲನೇ ಸ್ಲ್ಯಾಬನ್ನೇ ಒಡೆಸಿದವಳು ಎಂಬ ಹೆಸರು ಅವಳಿಗೆ ಅಂಟಿಕೊಳ್ಳುತ್ತದೆ. ದೊಡ್ಡ ಇಂಜಿನಿಯರ್ ಬಂದು ನೋಡಿ, ಕಾಯುವ ಎಂದಷ್ಟೇ ಹೇಳಿ ಹೋದರಂತೆ.

"ಮಗಾ, ಅದಕ್ಕೆ ಸಿಹಿ ಹೆಚ್ಚಾಗಿ ನಿದ್ದೆ ಬಂದಿರ್ಬೇಕು. ಏಳ್ತದೆ," ಎಂದೆ. ಹೇಳಿದ್ದು ಹಾಗೆ. ಯೋಚನೆ ಬೇರೆಯೇ ಇತ್ತು. ಅವಳು ಸಾಕು ಎಂದ ಮೇಲೂ ನನ್ನ ಕೈಯಿಂದ ನಾಲ್ಕು ಹನಿ ಜಾಸ್ತಿ ಬಿತ್ತೇ? ಮಗಳು ಅನ್ನ ಬಡಿಸಿ ಇಟ್ಟರೆ ನಾನು ಬೆರಳಿನಿಂದ ಅನ್ನವನ್ನೇ ಒತ್ತಿ ಒತ್ತಿ ನೋಡುತ್ತಿದ್ದೆ. "ಅಮ್ಮ, ಅದು ಸ್ಲ್ಯಾಬ್ ಅಲ್ಲ, ಊಟ ಮಾಡಿ," ಎಂದು ಮಗಳು ಗದರಿಸಿದಳು.

ಅದರ ಮರುದಿನ ಮತ್ತೆ ಫೋನ್. ಈ ಸಲ ಮಾತಿಲ್ಲ, ಬರೀ ಟಕ್ ಟಕ್ ಟಕ್ ಎಂದು ಸದ್ದು. ನಾನು ಹೆದರಿ, "ಎಂತ ಮಗಾ ಅದು?" ಎಂದೆ.

"ಅಜ್ಜಿ, ನಾನು ಆ ಪಟ್ಟಿಗೆ ಸುತ್ತಿಗೆಯಲ್ಲಿ ಬಡೀತಾ ಇದ್ದೇನೆ. ಕೇಳ್ತದಾ?"

ಕೇಳಿತು. ಗಟ್ಟಿ ಕಲ್ಲಿನ ಸದ್ದು. ನಾನು ಫೋನನ್ನು ಮಗಳ ಕಿವಿಗೂ ಹಿಡಿದೆ. ಬೀಡಿಯ ಮೊರ ಮಡಿಲಿನಿಂದ ಜಾರಿ ಎಲೆ ಎಲ್ಲ ಚೆಲ್ಲಿದರೂ ಅವಳು ಎತ್ತಿಕೊಳ್ಳಲಿಲ್ಲ.

ಆದರೆ ನಿಜವಾದ ಪರೀಕ್ಷೆ ನೀರಿನದ್ದು. ಗಟ್ಟಿಯಾಗಿದ್ದರೂ ಆ ಗೆರೆಯಲ್ಲಿ ಕೂಡದೆ ಬರೀ ತಾಗಿ ನಿಂತಿದ್ದರೆ ನೀರು ಇಳಿಯುತ್ತದೆ. ಸ್ಲ್ಯಾಬಿನ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಕೆಳಗಿನ ಹಲಗೆ, ಆಧಾರ ಎಲ್ಲ ತೆಗೆಯುವ ದಿನ ನನ್ನನ್ನು ಮತ್ತೆ ಕರೆದಳು. ಅದೇ ಬಸ್ಸು, ಅದೇ ಡಬ್ಬಿ, ಈ ಸಲ ಕಂಡಕ್ಟರ್ ಕೇಳದೆಯೇ, "ಸ್ಲ್ಯಾಬಿಗಾ ಅಮ್ಮ?" ಎಂದ. ಪಾಪ, ಅವನಿಗೂ ಒಂದು ತುಂಡು ಬೆಲ್ಲ ಕೊಟ್ಟೆ.

ಮತ್ತೆ ಕುಳಿತು ಕುಳಿತು ಒಂಬತ್ತು ಮಾಳಿಗೆ ಹತ್ತಿದೆ. ದೊಡ್ಡ ಇಂಜಿನಿಯರ್ ಟಾರ್ಚ್ ಹಿಡಿದು ಮಾಡನ್ನೇ, ಅಂದರೆ ಛಾವಣಿಯ ಅಡಿಯನ್ನೇ, ನೋಡುತ್ತಾ ಆಚೆ ಈಚೆ ನಡೆಯುತ್ತಿದ್ದರು. ನಮ್ಮ ತಲೆಯ ಮೇಲೆ ಸ್ಲ್ಯಾಬು, ಅದರ ಮೇಲೆ ದಿನಗಟ್ಟಲೆ ನಿಂತ ನೀರು. "ಎಲ್ಲಿ ಮಾರಾಯ್ತಿ ನಿನ್ನ ಗೆರೆ?" ಎಂದು ಮೊಮ್ಮಗಳನ್ನು ಕೇಳಿದರು. ಅವಳು ಈ ಕಂಬದಿಂದ ಆ ಕಂಬಕ್ಕೆ ಬೆರಳು ತೋರಿಸಿದಳು. ಅವರು ಟಾರ್ಚನ್ನು ಆ ದಾರಿಯಲ್ಲಿ ಎರಡು ಸಲ ಒಯ್ದರು. ನಾನು ಕುತ್ತಿಗೆ ನೋಯುವ ತನಕ ನೋಡಿದೆ. ಗೆರೆಯೂ ಇಲ್ಲ, ಪಸೆಯೂ ಇಲ್ಲ. ಹಲಗೆಯ ಅಚ್ಚು ಮಾತ್ರ ಉಂಟು, ಎಲ್ಲ ಕಡೆ ಇರುವ ಹಾಗೆ.

ಮೊಮ್ಮಗಳಿಗೆ ಅಷ್ಟು ಸಾಲಲಿಲ್ಲ. ಸ್ಟೂಲು ತರಿಸಿ ಹತ್ತಿದಳು. ಅಂಗೈಯನ್ನು ಮಾಡಿಗೆ ಒತ್ತಿ ಉದ್ದಕ್ಕೆ ಸವರಿದಳು. ಇಳಿದು, ಸ್ಟೂಲು ಸರಿಸಿ, ಮತ್ತೆ ಹತ್ತಿದಳು. ಹೀಗೆ ಕಂಬದಿಂದ ಕಂಬದ ತನಕ. ನಾನು ಸ್ಟೂಲು ಹಿಡಿದುಕೊಂಡು ಅವಳ ಹಿಂದೆ ಹೋದೆ. ಕೊನೆಗೆ ಇಳಿದು ನನ್ನ ಮುಂದೆ ಅಂಗೈ ಹಿಡಿದಳು. ಒಣ ಧೂಳು. ಅದನ್ನೇ ನನ್ನ ಮೂಗಿಗೆ ಸವರಿ, "ಮುಗೀತು ಅಜ್ಜಿ," ಎಂದಳು. ದೊಡ್ಡ ಇಂಜಿನಿಯರ್ ಮುಂದಿನ ಕೆಲಸ, ಮೇಲಿನ ನೀರಿನ ಟ್ಯಾಂಕಿನ ಕಟ್ಟೆ, ಯಾವಾಗ ಎಂದು ಕೇಳಿದರು, ಬುಧವಾರ ಎಂದಳು. ಅಷ್ಟೇ. ಅವರ ನಡುವೆ ಅಷ್ಟು ಸಾಕಿತ್ತು.

ಆ ಮಾಡಿನ ಕೆಳಗೆ ಇನ್ನು ಯಾರದೋ ಮಕ್ಕಳು ಮಲಗುತ್ತಾರೆ, ಓದುತ್ತಾರೆ, ಜೋರು ಮಳೆ ಬರುವಾಗ ತಲೆ ಎತ್ತಿಯೂ ನೋಡುವುದಿಲ್ಲ. ಅವರು ತಲೆ ಎತ್ತದಿರುವುದೇ ನನಗೆ ದೊಡ್ಡದು. ಕಾಂಕ್ರೀಟನ್ನು ಅಷ್ಟೆತ್ತರಕ್ಕೆ ದೂಡಿದ ಪಂಪಿಗೆ, ಹೆಣ ಎಲ್ಲಿದೆ ಎಂದು ಹೇಳಿದ ಮೇಸ್ತ್ರಿಗೆ, ಬೆವರಿ ನೀರಾದ ಆ ಬಾಗಲಕೋಟೆಯವನಿಗೆ, ನನ್ನ ತಲೆಯ ಭಾರವನ್ನು ಪೈಪಿಗೆ ಒಪ್ಪಿಸಿದ ಎಲ್ಲರಿಗೂ ನಾನು ಋಣಿ.

ಡಬ್ಬಿ ತೆರೆದು ಎಲ್ಲರಿಗೂ ಬೆಲ್ಲ ನೀರು ಕೊಟ್ಟೆ. ಪಂಪು ಆಗ ಬಂಟ್ವಾಳದ ಇನ್ನೊಂದು ಸೈಟಿಗೆ ಹೋಗಿತ್ತು. ಪಂಪಿನವನ ಪಾಲಿನ ಉಂಡೆಯನ್ನು ದೊಡ್ಡ ಇಂಜಿನಿಯರ್ ಕಾಗದದಲ್ಲಿ ಸುತ್ತಿ, ಅಲ್ಲಿ ಅವನಿಗೆ ಕೊಡುತ್ತೇನೆ ಎಂದು ತಮ್ಮ ಕಾರಿಗೆ ಕೊಂಡುಹೋದರು. ಮೇಸ್ತ್ರಿ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಚಾಚಿದರು. "ಸಾಕು, ಜಾಸ್ತಿ ಆದ್ರೆ ನೀವು ಗಟ್ಟಿ ಆಗ್ಲಿಕ್ಕಿಲ್ಲ," ಎಂದೆ.

ಮೊಮ್ಮಗಳು ಕೊನೆಗೆ ಬಂದಳು. ಹೆಲ್ಮೆಟ್ ತೆಗೆದು ನನ್ನ ಪಕ್ಕ ಮೆಟ್ಟಿಲಿನ ಮೇಲೆ ಕುಳಿತಳು. ಬೆಲ್ಲ ಕಚ್ಚಿ, ಲೋಟದ ನೀರನ್ನು ಒಂದೇ ಉಸಿರಿಗೆ ಕುಡಿದು ಲೋಟವನ್ನು ನನಗೆ ಕೊಟ್ಟಳು. ನಾನು ಡಬ್ಬಿಯ ತಳಕ್ಕೆ ಕೈ ಹಾಕಿ ದೊಡ್ಡದೊಂದು ಉಂಡೆ ತೆಗೆದೆ.

"ಅಜ್ಜೀ, ಇಷ್ಟು ದೊಡ್ಡದಾ?" ಎಂದಳು.

ಈ ಸಲ ನನ್ನ ಕೈ ಹಿಡಿಯಲಿಲ್ಲ. ಬಾಯಿ ತೆರೆದಳು.